ಭಾನುವಾರ ಎಲ್ಲಿ ಹೋಯಿತು?

2021ರ ಜನವರಿ 9, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೊದಿಂದ ರಾತ್ರಿ ಎಂಟೂವರೆಯ ಹೊತ್ತಿಗೆ ಹೊರಟ ಏರ್ ಇಂಡಿಯಾ ವಿಮಾನ ನಡುವೆ ಎಲ್ಲೂ ಇಳಿಯದೆ ದೇವನಹಳ್ಳಿಯ ನಿಲ್ದಾಣ ಮುಟ್ಟಿದ್ದು ಸೋಮವಾರ ನಸುಕಿನಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಪೈಲಟ್‌ಗಳೆಲ್ಲ ಮಹಿಳೆಯರೇ. ಬಂದ ದಾರಿ ಉತ್ತರ ಧ್ರುವದ ಮೇಲಿನದು.

ಪತ್ರಿಕೆಯಲ್ಲಿ ಇದನ್ನು ಓದಿದ ಯಲಹಂಕದ ತಾಯಿಯೊಬ್ಬರಿಗೆ ಎರಡು ಅನುಮಾನ. ಹಾರಿದ್ದು ಸುಮಾರು 17 ಗಂಟೆಯಾದರೆ ನಡುವಿನ ಭಾನುವಾರ ಎಲ್ಲಿ ಹೋಯಿತು? ಅಮೆರಿಕ ಇರುವುದು ಪಶ್ಚಿಮಕ್ಕಲ್ಲವೇ, ಧ್ರುವಕ್ಕೇಕೆ ಹೋಗಬೇಕು? ಮಗಳು ಆ ವರ್ಷವೇ ಆ ಊರಿನ ಬಳಿ ಓದಲು ಹೊರಡುವವಳಿದ್ದಳು. ಹಾಗಾಗಿ ಇದು ಬರಿಯ ಕುತೂಹಲದ ಮಾತಾಗಿರಲಿಲ್ಲ.

ಮನೆಯಲ್ಲಿದ್ದ ಮಾವನವರು ಹಿಂದೆ ಭೂಗೋಳ ಪಾಠ ಹೇಳಿದವರು. ಮೊಮ್ಮಗಳ ಹಳೆಯ ಗ್ಲೋಬು, ಒಂದು ಮೊಳ ಹೂ ಕಟ್ಟುವ ದಾರ ತರಿಸಿದರು. "ನಕ್ಷೆಯನ್ನು ನಂಬಬೇಡಮ್ಮ, ಅದು ಚಪ್ಪಟೆ. ದಾರ ಬಿಗಿಯಾಗಿ ಎಳೆ, ಎಲ್ಲಿ ಹೋಗುತ್ತೆ ನೋಡು" ಎಂದರು. ದಾರ ಪೆಸಿಫಿಕ್ ಸಾಗರದ ನಡುವೆ ಹೋಗಲಿಲ್ಲ, ಅಟ್ಲಾಂಟಿಕ್ ಕಡೆಗೂ ತಿರುಗಲಿಲ್ಲ. ಚೀನಾ, ಸೈಬೀರಿಯಾ, ಅಲಾಸ್ಕಾಗಳ ಕಡೆಯಿಂದ ಮೇಲೇರಿ ಇಳಿಯಿತು. ಬೆಂಗಳೂರಿನದು 77½ ಡಿಗ್ರಿ ಪೂರ್ವ ರೇಖಾಂಶ, ಸ್ಯಾನ್ ಫ್ರಾನ್ಸಿಸ್ಕೊದ್ದು 122½ ಡಿಗ್ರಿ ಪಶ್ಚಿಮ. ಕೂಡಿದರೆ 200. ಅಂದರೆ ಎರಡೂ ಊರು ಭೂಮಿಯ ಬೆನ್ನಿಗೆ ಬೆನ್ನು ಕೊಟ್ಟಂತೆ ಕೂತಿವೆ. ಯಲಹಂಕದ ತಾರಸಿಯಲ್ಲಿ ನಿಂತು, ಬಳ್ಳಾರಿ ರಸ್ತೆ ದೇವನಹಳ್ಳಿಗೆ ಸಾಗುವ ದಿಕ್ಕಿಗೆ ಮುಖ ಮಾಡಿದರೆ ಹೆಚ್ಚು ಕಡಿಮೆ ಸ್ಯಾನ್ ಫ್ರಾನ್ಸಿಸ್ಕೊ ಎದುರಿಗೇ ಇದೆ! ದಾರ ತೋರಿಸಿದ ದೂರ ಸುಮಾರು 14 ಸಾವಿರ ಕಿಲೋಮೀಟರ್. ಧ್ರುವದ ನೆತ್ತಿಯ ದಾರಿ ಇದಕ್ಕಿಂತ ತುಸು ಉದ್ದವೇ. ಆದರೆ ಕೆಳಗಿನ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಮೇಲುಗಾಳಿಗೆ ಎದೆ ಕೊಟ್ಟು ಹಾರುವುದಕ್ಕಿಂತ ಅಲ್ಲಿ ಸುತ್ತುವುದು ಕೆಲವೊಮ್ಮೆ ಲಾಭ. ವಿಮಾನಕ್ಕೆ ಕಿಲೋಮೀಟರಿಗಿಂತ ಇಂಧನದ ಲೆಕ್ಕ ಮುಖ್ಯ.

ಇನ್ನು ಭಾನುವಾರ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಎಂದರೆ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಹತ್ತು. ಚಳಿಗಾಲದಲ್ಲಿ ನಾವು ಹದಿಮೂರೂವರೆ ಗಂಟೆ ಮುಂದೆ. ಇಲ್ಲಿಯವರು ತಿಂಡಿ ಮುಗಿಸಿ, ಊಟ ಮಾಡಿ, ಮಲಗಿ ಎದ್ದರೆ ಸೋಮವಾರ. ವಿಮಾನದಲ್ಲಿದ್ದವರ ಭಾನುವಾರ ಆಕಾಶದಲ್ಲೇ ಕರಗಿತು. ಹೋಗುವವರಿಗೆ ಅದು ವಾಪಸು ಸಿಗುತ್ತದೆ: ಇಲ್ಲಿಂದ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದರೂ ಅಲ್ಲಿನ ಗಡಿಯಾರದಲ್ಲಿ ಅದೇ ದಿನದ ಸಂಜೆ ಐದು.

ಮಗಳು ಆಗಸ್ಟಿನಲ್ಲಿ ಹೋದಳು. ದಿನಾ ಬೆಳಿಗ್ಗೆ ಏಳಕ್ಕೆ ಫೋನು. ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ, ಅವಳು ಕೋಣೆಗೆ ಬಂದಿರುವ ಹೊತ್ತು. ನವೆಂಬರಿನ ಒಂದು ಸೋಮವಾರವಾದ ಮೇಲೆ, ಮಂಗಳವಾರ ಬೆಳಿಗ್ಗೆ ಏಳಕ್ಕೆ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದರು, ಇಲ್ಲ. ತಾಯಿಗೆ ಕಾಫಿ ಸೇರಲಿಲ್ಲ. ಎಂಟು ಗಂಟೆಗೆ ಅವಳೇ ಮಾಡಿದಳು: "ಕ್ಲಾಸಲ್ಲಿದ್ದೆ ಅಮ್ಮ. ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ಟಿದಾರೆ, ಹೇಳೋಕೆ ಮರೆತೆ."

ಮಾವನವರು ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚಿ ತಿಂಗಳ ಎರಡನೇ ಭಾನುವಾರಕ್ಕೆ ಕೆಂಪು ಗುರುತು ಹಾಕಿದರು. ಆವತ್ತು ಅವರು ಗಡಿಯಾರ ಮುಂದಕ್ಕಿಡುತ್ತಾರೆ.