ಸೆಲ್ಲುಗಳಿಗೊಂದು ಗುಳಿಮಣೆ

ಗಾಜಿನ ಬಳೆಗಳನ್ನು ಊರಿಂದೂರಿಗೆ ಒಡೆಯದಂತೆ ಒಯ್ಯುವ ವಿದ್ಯೆಯು ನಮ್ಮ ಬಳೆಗಾರರಿಗೆ ತಲೆತಲಾಂತರದಿಂದ ಬಂದುದು. ಮಲಾರಕ್ಕೆ ಕೋದು, ಬಟ್ಟೆ ಸುತ್ತಿ, ಹೆಗಲಿಗೇರಿಸಿ ನಡೆದರೆ ಹತ್ತು ಹಳ್ಳಿ ತಿರುಗಿದರೂ ಒಂದು ಬಳೆ ಬಿರಿಯದು. ಕುಂಬಾರನು ಗಡಿಗೆಗಳ ನಡುವೆ ಹುಲ್ಲು ತುರುಕಿ ಸಂತೆಗೆ ಬಂಡಿ ಹೂಡುವನು. ಒಡೆಯುವ ಪದಾರ್ಥವನ್ನು ಕಾಪಾಡುವ ಬಗೆಯನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ಒಡೆಯದೆಯೇ ಉರಿಯಬಲ್ಲ ಪದಾರ್ಥವೊಂದು ಈಚೆಗೆ ನಮ್ಮ ಮನೆಗಳನ್ನು ಹೊಕ್ಕಿದೆ. ಅದನ್ನು ಒಯ್ಯುವ ಬಗೆಯನ್ನು ಮಾತ್ರ ನಾವು ಇನ್ನೂ ಕಲಿತಂತೆ ಕಾಣುವುದಿಲ್ಲ.

ನಾನು ಹೇಳುತ್ತಿರುವುದು ಲಿಥಿಯಂ ಸೆಲ್ಲುಗಳ ವಿಷಯ. 1991ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಇವನ್ನು ಮೊದಲು ಮಾರಾಟಕ್ಕೆ ತಂದರು. ಈಗ ಕೈದೀಪದಲ್ಲಿಯೂ, ಹೊಲಕ್ಕೆ ಔಷಧಿ ಹೊಡೆಯುವ ಕೆಲವು ಪಂಪುಗಳಲ್ಲಿಯೂ ಇವೇ ಇರುವುವು. ನಮ್ಮ ಮಾನ್ವಿ ಸೀಮೆಯಲ್ಲಿ ಹತ್ತಿ, ಭತ್ತಗಳ ಬೆಳೆಗೆ ಔಷಧಿಯ ಪಂಪು ಇಲ್ಲದೆ ನಡೆಯದು. ಬಾಗಲವಾಡದಲ್ಲಿ ನನ್ನ ಅಕ್ಕನ ಮಗನು ಇಂಥ ಪಂಪುಗಳನ್ನು ರಿಪೇರಿ ಮಾಡಿ ಜೀವನ ಸಾಗಿಸುತ್ತಿದ್ದಾನೆ. ಸೆಲ್ಲುಗಳನ್ನು ನಿಕ್ಕಲ್ ಪಟ್ಟಿಯಿಂದ ಒಂದಕ್ಕೊಂದು ಬೆಸೆಯುವ ಯಂತ್ರವು ಅವನಲ್ಲಿಲ್ಲ. ಆದಕಾರಣ ತಿಂಗಳಿಗೆರಡು ಸಲ ಸೆಲ್ಲುಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಹೋಗುವನು.

ಒಮ್ಮೆ ಪಟ್ಟಣದ ವ್ಯಾಪಾರಿಯೊಬ್ಬನು ನಲವತ್ತು ಸೆಲ್ಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಸುರಿದು ಕಳುಹಿಸಿದ್ದನು. ಎರಡರ ಹೊದಿಕೆ ಹರಿದಿತ್ತು.

"ಮಾಮಾ, ಇವನ್ನ ಹಿಂಗ ಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಹೋದ್ರ ಏನಾಗ್ತದ?" ಎಂದು ಹುಡುಗನು ಕೇಳಿದನು.

"ಬಸ್ಸಿನ್ಯಾಗ ನೀನೊಬ್ಬನೇ ಇರ್ತೀಯೇನಪಾ?" ಎಂದೆ. ಅವನು ಮತ್ತೆ ಮಾತಾಡಲಿಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಸೆಲ್ಲು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತೂಕ ಸುಮಾರು 45 ಗ್ರಾಂ. ಅದರ ಉಕ್ಕಿನ ಮೈಯೆಲ್ಲವೂ ಋಣಧ್ರುವ. ತಲೆಯ ಮೇಲಣ ಗುಂಡಿಯೊಂದೇ ಧನಧ್ರುವ. ಇವೆರಡರ ನಡುವೆ ಇರುವುದು ಒಂದು ತೆಳ್ಳನೆಯ ಉಂಗುರ, ಮೈಮೇಲೆ ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಅಂಗಿ. ಅಂಗಿ ಹರಿದ ಜಾಗದಲ್ಲಿ ಒಂದು ಬೀಗದ ಕೈ ಅಡ್ಡ ಬಿದ್ದರೂ ಸಾಕು, ವಿದ್ಯುತ್ತೆಲ್ಲವೂ ಆ ದಾರಿಯಲ್ಲೇ ನುಗ್ಗಿ ಸೆಲ್ಲು ಕಾಯುವುದು. ಸುಮಾರು 130 ಡಿಗ್ರಿ ಶಾಖಕ್ಕೆ ಒಳಗಿನ ತೆಳು ಪರದೆ ಕರಗತೊಡಗುವುದು; ಒಳಗಿನ ದ್ರವವೋ ಬೆಂಕಿ ಹತ್ತುವಂಥದು. ಒಂದು ಹೊತ್ತಿದರೆ ಅದರ ಶಾಖವು ಪಕ್ಕದ್ದನ್ನೂ ಹೊತ್ತಿಸುವುದು. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ದೊಡ್ಡ ಸರಕು ವಿಮಾನವೊಂದು ಬಿದ್ದು ಇಬ್ಬರು ಚಾಲಕರು ತೀರಿಕೊಂಡರು. ಬೆಂಕಿಯು ಹುಟ್ಟಿದ್ದು ಲಿಥಿಯಂ ಬ್ಯಾಟರಿಗಳಿದ್ದ ಸರಕಿನ ನಡುವೆ. 2016ರ ಏಪ್ರಿಲ್ 1ರಿಂದ, ಬಿಡಿಯಾದ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸಕೂಡದೆಂದು ಅಂತರರಾಷ್ಟ್ರೀಯ ನಿಯಮವಾಯಿತು. ನಮ್ಮ ಹಳ್ಳಿಯ ಬಸ್ಸಿಗೆ ಬಂದು ಚೀಲ ಬಿಚ್ಚಿ ನೋಡುವವರಾರು? ಒಯ್ಯುವವನೇ ನೋಡಿಕೊಳ್ಳಬೇಕು.

ಇಷ್ಟು ತಿಳಿದ ಮೇಲೆ ಬಳೆಗಾರನ ವಿದ್ಯೆಯು ಇಲ್ಲಿಗೆ ಸಾಲದೆಂಬುದು ಸ್ಪಷ್ಟವಾಯಿತು. ಬಳೆಗೆ ಬೇಕಾದುದು ಮೆತ್ತೆ. ಸೆಲ್ಲಿಗೆ ಬೇಕಾದುದು ಅಂತರ. ಮೊಟ್ಟೆಯ ತಟ್ಟೆಯನ್ನು ನೋಡಿದೆವು. ಅದರ ಗುಳಿ ಅಗಲವಾದುದರಿಂದ ಸೆಲ್ಲುಗಳು ಒಂದರ ಮೇಲೊಂದು ಒರಗುತ್ತಿದ್ದುವು. ಥರ್ಮಾಕೋಲಿನಲ್ಲಿ ತೂತು ಕೊರೆಯಬಹುದು, ಆದರೆ ನಾಲ್ಕು ಸಲ ಹಾಕಿ ತೆಗೆಯುವುದರೊಳಗೆ ತೂತು ಸಡಿಲವಾಗುವುದು. ಅದು ಬೆಂಕಿಗೂ ಬೇಗ ಸಿಕ್ಕುವುದು. ಕಾರ್ಖಾನೆಗಳಲ್ಲಿ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ ತಟ್ಟೆಗಳನ್ನು ಬಳಸುವರು. ಇಪ್ಪತ್ತೈದು ಸೆಲ್ಲುಗಳಿಗಾಗಿ ಅಚ್ಚು ಮಾಡಿಸುವುದು ನಮ್ಮಂಥವರಿಂದ ಆಗುವ ಮಾತಲ್ಲ. ಕೊನೆಗೆ ಊರ ಬಡಿಗೇರರ ಬಳಿಗೆ ಹೋದೆವು.

ಒಣಗಿದ ಬೇವಿನ ಹಲಗೆ, 30 ಮಿಲಿಮೀಟರ್ ದಪ್ಪದ್ದು. ಅದರಲ್ಲಿ ಐದೈದರ ಸಾಲಿನಂತೆ ಇಪ್ಪತ್ತೈದು ಗುಳಿ. ಒಂದೊಂದೂ 19 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಆಳ. ಗುಳಿಗೂ ಗುಳಿಗೂ ನಡುವೆ 8 ಮಿಲಿಮೀಟರ್ ಕಟ್ಟಿಗೆ. ಮುಚ್ಚಳಕ್ಕೂ ಅಂಥದೇ ಹಲಗೆ, ಅಷ್ಟೇ ಗುಳಿ. ಮುಚ್ಚಿದಾಗ ಸೆಲ್ಲಿನ ತಲೆಯೂ ಬುಡವೂ ಕಟ್ಟಿಗೆಯಲ್ಲಿ ಅಡಗಿ, ನಡುಮೈ ಮಾತ್ರ ಗಾಳಿಗೆ ನಿಲ್ಲುವುದು. ಮುಚ್ಚಳದ ಭಾರವು ಸೆಲ್ಲಿನ ಮೇಲೆ ಬೀಳದಂತೆ ನಾಲ್ಕು ಬದಿಗೆ ಗೋಡೆ. ಗುಳಿಗಳ ಹತ್ತಿರ ಎಲ್ಲಿಯೂ ಮೊಳೆಯಿಲ್ಲ. ಬಿಗಿಯುವುದು ನೂಲಿನ ಲಾಡಿಯಿಂದ. ಎಲ್ಲ ಸೆಲ್ಲುಗಳೂ ತಲೆ ಮೇಲಾಗಿ ನಿಲ್ಲಬೇಕೆಂಬುದು ನನ್ನ ಹಟ; ಹಾಗಿದ್ದರೆ ಯಾವುದರ ಉಂಗುರ ಕಿತ್ತಿದೆಯೆಂಬುದು ಮುಚ್ಚಳ ತೆಗೆದೊಡನೆ ಒಂದೇ ನೋಟಕ್ಕೆ ಕಾಣುವುದು. ಕೆಲಸ ಮುಗಿದಾಗ ಬಡಿಗೇರರ ಮನೆಯ ಮುದುಕಿ ಬಂದು ನೋಡಿ, "ಇದೇನು ಅಳಗುಳಿ ಮಣಿ ಮಾಡೀರೇನ್ರಿ? ಗುಳಿ ಭಾಳ ಆಗ್ಯಾವ" ಎಂದಳು.

ಲಿಥಿಯಂ ಸೆಲ್ಲಿನ ಕಟ್ಟು 1.2 ಮೀಟರ್ ಎತ್ತರದಿಂದ ಯಾವ ಮಗ್ಗುಲಾಗಿ ಬಿದ್ದರೂ ಒಳಗಿನದಕ್ಕೆ ಕೆಡುಕಾಗಬಾರದು, ಸೆಲ್ಲುಗಳು ಸರಿದು ಒಂದನ್ನೊಂದು ಮುಟ್ಟಬಾರದು ಎಂದು ಸಾಗಾಣಿಕೆಯ ನಿಯಮಗಳಲ್ಲಿ ಉಂಟು. ನಾವೂ ಹಾಗೆಯೇ ನೋಡಿದೆವು. ಸೆಲ್ಲುಗಳ ಬದಲು ಅದೇ ಅಳತೆಗೆ ಕಬ್ಬಿಣದ ಸಲಾಕೆಯನ್ನು ತುಂಡರಿಸಿ ತುಂಬಿದೆವು. ಅವು ಸೆಲ್ಲಿಗಿಂತ ಸುಮಾರು ಮೂರು ಪಟ್ಟು ಭಾರ. ಮೂರನೆಯ ಸಲ ಮೂಲೆಯ ಮೇಲೆ ಬಿದ್ದಾಗ ಗೋಡೆಯ ಕೀಲು ಬಿಟ್ಟುಕೊಂಡಿತು, ಆದರೆ ತುಂಡುಗಳು ಗುಳಿ ಬಿಟ್ಟು ಏಳಲಿಲ್ಲ. ಬಡಿಗೇರರು ಮೂಲೆಗಳಿಗೆ ಹಲ್ಲುಗೂಡಿಸಿ ಮತ್ತೆ ಕಟ್ಟಿಕೊಟ್ಟರು. ಅನಂತರ ಹತ್ತು ಸಲ ಬಿದ್ದರೂ ಅದು ಅಲುಗಲಿಲ್ಲ.

ಮರವೂ ಉರಿಯುವುದಲ್ಲವೇ ಎಂದು ವಾಚಕರು ಕೇಳಬಹುದು. ಉರಿಯುವುದು ನಿಜ. ಒಳಗಿನಿಂದಲೇ ಕೆಟ್ಟ ಸೆಲ್ಲನ್ನು ಈ ಮಣೆ ತಡೆಯಲಾರದು. ಮುಟ್ಟಬಾರದ್ದು ಮುಟ್ಟಿ ಹುಟ್ಟುವ ಬೆಂಕಿಯನ್ನಷ್ಟೇ ಇದು ತಡೆಯುವುದು. ಆದುದರಿಂದ ಉಬ್ಬಿದ, ತಗ್ಗು ಬಿದ್ದ, ಹೊದಿಕೆ ಹರಿದ ಸೆಲ್ಲಿಗೆ ಇದರಲ್ಲಿ ಸ್ಥಳವಿಲ್ಲ. ಬಿಡಿ ಸೆಲ್ಲುಗಳನ್ನು ವಿಮಾನಕ್ಕೆ ಹಾಕುವಾಗ ನೂರಕ್ಕೆ 30ಕ್ಕಿಂತ ಹೆಚ್ಚು ಚಾರ್ಜು ಇರಕೂಡದೆಂಬ ನಿಯಮವನ್ನು ಹುಡುಗನು ಬಸ್ಸಿಗೂ ಅನ್ವಯಿಸಿಕೊಂಡಿದ್ದಾನೆ. ನಮ್ಮ ಸೀಮೆಯ ಬೇಸಗೆಯಲ್ಲಿ ಬಸ್ಸಿನ ಮೇಲ್ಛಾವಣಿಯ ಮೇಲಾಗಲಿ, ಎಂಜಿನ್ನಿನ ಬಳಿಯಾಗಲಿ ಇಡದೆ ತೊಡೆಯ ಮೇಲೆಯೇ ಇಟ್ಟುಕೊಳ್ಳುವನು.

ಗೃಹಿಣಿಯರಿಗೂ ಒಂದು ಮಾತು. ಹಳೆಯ ಫೋನಿನ ಬ್ಯಾಟರಿ, ಕೈದೀಪದ ಸೆಲ್ಲು, ಸೂಜಿ, ಚಿಲ್ಲರೆ, ಬೀಗದ ಕೈಗಳೆಲ್ಲ ಒಂದೇ ತಗಡಿನ ಡಬ್ಬಿಯಲ್ಲಿರುವುದು ನಮ್ಮ ಮನೆಗಳ ವಾಡಿಕೆ. ಸೆಲ್ಲಿನ ಎರಡು ತುದಿಗೂ ಟೇಪು ಅಂಟಿಸಿ ಬೇರೆ ರಟ್ಟಿನ ಡಬ್ಬಿಯಲ್ಲಿಡಲು ಐದು ನಿಮಿಷವೂ ಹಿಡಿಯದು. ಕೆಟ್ಟುಹೋದುದನ್ನು ತಿಪ್ಪೆಗೆ ಎಸೆಯಬೇಡಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯು ತಯಾರಕರದು.

ಮಣೆಯು ಈಗ ಬಹಳ ಸಲ ರಾಯಚೂರು ಕಂಡು ಬಂದಿದೆ. ಮೊನ್ನೆ ಹುಡುಗನು 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಇನ್ನೊಂದು ಜಾತಿಯ ಸೆಲ್ಲನ್ನು ತಂದು ತೋರಿಸಿದನು. ಅದು ನಮ್ಮ ಗುಳಿಗೆ ಇಳಿಯಲಿಲ್ಲ. ಬೈರಿಗೆಗೆ ದೊಡ್ಡ ಅಲಗು ಬೇಕೆಂದು ಬಡಿಗೇರರು ರಾಯಚೂರಿಗೆ ಹೇಳಿಕಳುಹಿಸಿದ್ದಾರೆ.