ಆಮೇಲೆ ನನಗೆ ನಿದ್ದೆ ಬಂತು

ಕತ್ತಲಾದ ಮೇಲೆ ಸುಂಕದಕಟ್ಟೆಯಿಂದ ಒಬ್ಬಳೇ ನಡೆದು ಬರಬೇಡ ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ನನಗೆ ಆದದ್ದು ಮಟಮಟ ಮಧ್ಯಾಹ್ನ, ಶ್ರೀಗಂಧದ ಕಾವಲಿನ ನಮ್ಮ ಬಾಡಿಗೆ ಮನೆಯೊಳಗೆ, 2019ರ ಮಳೆಗಾಲದಲ್ಲಿ. ಮಾಡಿದವನು ಅಕ್ಕನ ಮೈದುನ. ಅಮ್ಮ ಅವನಿಗೆಂದೇ ಹೋಳಿಗೆ ಎತ್ತಿಡುತ್ತಿದ್ದಳು.

ಎದುರುಮನೆಯ ಟಿವಿ ನನಗೆ ಕೇಳಿಸುತ್ತಿತ್ತು. ಕೂಗಿದ್ದರೆ ಅವರಿಗೂ ಕೇಳಿಸುತ್ತಿತ್ತು. ಬೇಡ ಅಂದೆ. ಆಮೇಲೆ ಗಂಟಲು ಕಟ್ಟಿತು, ಕೈಕಾಲು ನನ್ನ ಮಾತು ಕೇಳಲಿಲ್ಲ. ಅವನು ಹೋದ ಮೇಲೆ ಚಿಲಕ ಹಾಕಿ ಮಲಗಿದೆ. ನಿದ್ದೆ ಬಂತು. ಸಂಜೆ ಎದ್ದು ಅನ್ನಕ್ಕಿಟ್ಟೆ.

ಅಕ್ಕನಿಗೆ ಹೇಳುವ ಧೈರ್ಯ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. "ಯಾಕೆ ಕೂಗಲಿಲ್ಲ? ಅವತ್ತೇ ಯಾಕೆ ಹೇಳಲಿಲ್ಲ? ಅದು ಹೇಗೆ ನಿದ್ದೆ ಬಂತೇ ನಿನಗೆ?" ಅಂದಳು. "ಹುಡುಗ ಅಂಥವನಲ್ಲ" ಅಂದರು ದೊಡ್ಡಪ್ಪ. ಠಾಣೆಯಲ್ಲಿ ಮೊದಲು ಕೇಳಿದ್ದು, ಮೈಮೇಲೆ ಗಾಯ ಏನಾದರೂ ಆಗಿತ್ತಾ ಎಂದು.

2020ರ ಜೂನ್‌ನಲ್ಲಿ ಪತ್ರಿಕೆ ಹಿಡಿದ ಕೈ ನಡುಗಿತು. ಅತ್ಯಾಚಾರದ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಟ್ಟ ಕರ್ನಾಟಕ ಹೈಕೋರ್ಟ್, ಕೃತ್ಯದ ಬಳಿಕ ದಣಿದು ನಿದ್ದೆಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬರ್ಥದಲ್ಲಿ ಆದೇಶ ಬರೆದಿತ್ತು. ನನ್ನಂತೆಯೇ ನಿದ್ದೆಹೋದ ಇನ್ನೊಬ್ಬಳು ಇದ್ದಾಳೆಂದು ನನಗೆ ಗೊತ್ತಾದದ್ದು ಹಾಗೆ. ಎಲ್ಲೆಡೆ ಆಕ್ಷೇಪ ಎದ್ದಿತು. ಜುಲೈನಲ್ಲಿ ಆ ಸಾಲುಗಳನ್ನು ತೆಗೆದರು. ಅಕ್ಕ ಮಾತ್ರ ಇವತ್ತಿಗೂ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ.

ಭಯ ಮಿತಿಮೀರಿದರೆ ಮೈ ಮರಗಟ್ಟುತ್ತದೆ, ಅದು ಒಪ್ಪಿಗೆಯಲ್ಲ ಎಂದು ನನಗೆ ತಿಳಿಸಿ ಹೇಳಿದ್ದು ಒಬ್ಬ ಆಪ್ತಸಮಾಲೋಚಕಿ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರದ ಬಳಿಕ ಚಿಕಿತ್ಸೆಗೆ ಬಂದ 298 ಮಹಿಳೆಯರನ್ನು ವೈದ್ಯರು ವಿಚಾರಿಸಿದಾಗ, ಶೇ. 70ರಷ್ಟು ಮಂದಿ ಹೀಗೇ ಮರಗಟ್ಟಿದ್ದರಂತೆ. 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮ ಕಾನೂನೂ 2013ರಿಂದ ಇದನ್ನೇ ಹೇಳುತ್ತಿದೆ: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿ ಇತ್ತೆಂದು ತಿಳಿಯುವಂತಿಲ್ಲ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲಿದೆ. ಅಮ್ಮ ಹೆದರಿದ್ದು ಕತ್ತಲ ದಾರಿಗೆ; ಆದರೆ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಆರೋಪಿ ಪರಿಚಿತನೇ.

ನಿಮ್ಮ ಮನೆಯ ಹುಡುಗಿ ತಿಂಗಳುಗಟ್ಟಲೆ ತಡವಾಗಿ ಬಾಯಿಬಿಟ್ಟರೂ, ಯಾಕೆ ಕೂಗಲಿಲ್ಲ ಎಂದು ದಯವಿಟ್ಟು ಕೇಳಬೇಡಿ. ಜೊತೆಗೆ ಹೋಗಿ. ಸರ್ಕಾರಿಯಿರಲಿ, ಖಾಸಗಿಯಿರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.