ಲಕ್ಷ್ಮಿಯೋ, ಲಕ್ಕಮ್ಮನೋ?

ಹುಟ್ಟಿದ ಹೆಣ್ಣುಮಗುವಿಗೆ ಅಜ್ಜಿಯ ಹೆಸರನ್ನೇ ಇಡೋಣ ಎಂಬುದು ಬೇಗ ತೀರ್ಮಾನವಾಗಿಬಿಡುತ್ತದೆ. ಮಾತು ಬೆಳೆಯುವುದು ಆಮೇಲೆ. ಅಜ್ಜಿಯ ಹೆಸರಾದರೂ ಯಾವುದು? ಪಹಣಿಯಲ್ಲಿ ಲಕ್ಷ್ಮಮ್ಮ, ಲಗ್ನಪತ್ರಿಕೆಯಲ್ಲಿ ಲಕ್ಷ್ಮೀದೇವಿ, ನೆರೆಹೊರೆಯವರಿಗೆ ಲಕ್ಕಮ್ಮ, ತವರಿನವರಿಗೆ ಲಚ್ಚಿ. ಮೊಮ್ಮಗಳಿಗೆ ಇವುಗಳಲ್ಲಿ ಯಾವುದನ್ನು ಇಡುವುದು?

ಇಂಥ ಚರ್ಚೆ ಎಲ್ಲಿ ನಡೆದರೂ ನಾನು ಚಾಪೆ ಎಳೆದುಕೊಂಡು ಕೂತುಬಿಡುತ್ತೇನೆ. ಹೆಸರಿನ ಬಾಲ ಹಿಡಿದರೆ ಸೀಮೆಯೇ ಗೊತ್ತಾಗುತ್ತದೆ ನೋಡಿ. ಲಕ್ಕವ್ವ ಎಂದರೆ ಧಾರವಾಡ, ಬೆಳಗಾವಿಯ ಕಡೆ. ಲಕ್ಷ್ಮಮ್ಮ ಎಂದರೆ ಮೈಸೂರು ಸೀಮೆ. ಲಕ್ಷ್ಮೀಬಾಯಿ ಎಂದರೆ ಮರಾಠಿ ಸಹವಾಸದ ಮನೆಯಿರಬಹುದು.

ಲಕ್ಕಮ್ಮ ಎಂಬುದು ನಾಲಿಗೆ ತಿರುಗದವರ ಉಚ್ಚಾರ ಎಂದು ಮೂಗು ಮುರಿಯುವವರಿದ್ದಾರೆ. ಖಂಡಿತ ಅಲ್ಲ. ಅಕ್ಷರ ಅಕ್ಕರವಾದ, ಭಿಕ್ಷೆ ಬಿಕ್ಕೆಯಾದ ಹಾದಿಯಲ್ಲೇ ಅದೂ ನಡೆದುಬಂದಿದೆ. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಬರೆದ. ಅವನಿಗಿಂತ ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಬದುಕಿದ್ದಳು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೇಕೆ ಈ ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದವಳು ಅವಳು. ಸಿರಿಯ ದೇವತೆಯ ಹೆಸರು ಹೊತ್ತು ಹೆಚ್ಚಿನದನ್ನು ಬೇಡವೆಂದ ಆ ಹೆಣ್ಣಿಗಿಂತ ದೊಡ್ಡ ಹಿನ್ನೆಲೆ ಒಂದು ಹೆಸರಿಗೆ ಬೇಕೆ?

ಲಕ್ಷ್ಮಿಯೇ ಇರಲಿ ಎಂದರೂ ಪ್ರಶ್ನೆ ಮುಗಿಯುವುದಿಲ್ಲ. ಕೊನೆಗೆ ದೀರ್ಘ ಬೇಕೆ? ಸಂಸ್ಕೃತದಲ್ಲಿ ಅದು ದೀರ್ಘ. ಕನ್ನಡಕ್ಕೆ ಬಂದಾಗ ನದೀ ನದಿಯಾದಂತೆ ಲಕ್ಷ್ಮಿಯಾಯಿತು. ಸಮಾಸದಲ್ಲಿ ದೀರ್ಘ ಹಾಗೇ ಉಳಿಯಿತು: ಲಕ್ಷ್ಮೀಪತಿ, ಲಕ್ಷ್ಮೀದೇವಿ. ಇಂಗ್ಲಿಷಿನಲ್ಲಿ ಬರೆಯುವಾಗ ಇನ್ನೊಂದು ತಕರಾರು. ದಕ್ಷಿಣದವರು ಹೆಚ್ಚಾಗಿ ಕೆ-ಎಸ್-ಎಚ್ ಹಾಕುತ್ತಾರೆ. ಮುಂಬೈ ಪ್ರಾಂತ್ಯದಲ್ಲಿದ್ದ ಜಿಲ್ಲೆಗಳಲ್ಲಿ ಎಕ್ಸ್ ರೂಢಿ. ಎರಡೂ ನಡೆಯುತ್ತವೆ. ಆದರೆ ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಆದರೆ ಮುಂದೆ ಅಲೆಯಬೇಕಾದವಳು ಆ ಮಗುವೇ.

ಉತ್ತರ ಕರ್ನಾಟಕದಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಉಸುರುತ್ತಾಳೆ. ಹೆಸರನ್ನು ಆರಿಸುವ ರೀತಿ ಅದರಲ್ಲೇ ಇದೆ ಎಂದು ನನ್ನ ನಂಬಿಕೆ. ಹೆಸರು ಮೊದಲು ಕಿವಿಗೆ, ಆಮೇಲೆ ಕಾಗದಕ್ಕೆ. ಹಿತ್ತಿಲಿನಿಂದ ಕೂಗಿ ನೋಡಿ, ಲಾಲಿಗೆ ಸೇರಿಸಿ ಹಾಡಿ ನೋಡಿ, ಸಿಟ್ಟು ಬಂದಾಗಲೂ ಕರೆದು ನೋಡಿ. ಆಗ ಬಾಯಿಗೆ ತಾನಾಗಿ ಬರುವ ರೂಪವೇ ಆ ಮನೆಯ ಹೆಸರು. ದಾಖಲೆಗೂ ಅದನ್ನೇ ಬರೆಸಿ. ಲಕ್ಕವ್ವ ಎಂದೇ ಕರೆಯುವುದಾದರೆ ಲಕ್ಕವ್ವ ಎಂದೇ ಬರೆಸಿ, ನಾಚಬೇಡಿ.

ಅವಸರವೂ ಇಲ್ಲ. ಜನನವನ್ನು 21 ದಿನದೊಳಗೆ ತಿಳಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಅಷ್ಟು ದಿನ ಮನೆಮಂದಿಯೆಲ್ಲ ಕರೆದು ನೋಡಿ, ಒಂದೇ ರೂಪವನ್ನು ಆರಿಸಿ, ಎಲ್ಲ ಕಡೆ ಅದನ್ನೇ ಬರೆಸಿ.